ಮಾವನವರ ಕೆಮ್ಮು

ಮನೆಯಲ್ಲಿ ಸೀಡಿ ಇಟ್ಟುಕೊಂಡಿರುವ ಜನರಲ್ಲಿ ಎರಡು ಪಂಗಡ. ಕೇಳಿ ಮುಗಿಸಿದ ಸೀಡಿಯನ್ನು ಅದರದೇ ಡಬ್ಬಿಗೆ ಹಾಕಿಡುವವರು ಒಂದು, ಕೈಗೆ ಸಿಕ್ಕಿದ ಡಬ್ಬಿಗೆ ತುರುಕುವವರು ಇನ್ನೊಂದು. ಮೊದಲನೆಯವರು ಸುಖವಾಗಿ ಬದುಕಿ ಸುಖವಾಗಿ ಸಾಯುತ್ತಾರೆ, ಅವರ ಬಗ್ಗೆ ಬರೆಯಲು ಏನೂ ಇರುವುದಿಲ್ಲ. ನಮ್ಮ ಮೈಕಣ್ಣ ಎರಡನೇ ಪಂಗಡದವನು.

ಮೈಕಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬಸ್ ನಿಲ್ದಾಣ ಇಟ್ಟದ್ದು. ನಿಲ್ದಾಣದ ಮಹಡಿಯ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆಂದು ಮೈಕಿನಲ್ಲಿ ಸಾರುವುದು ಅವನ ಕೆಲಸ. ಒಂದೊಂದು ಪ್ರಕಟಣೆಯನ್ನೂ ಎರಡೆರಡು ಸಲ ಹೇಳಬೇಕೆಂಬುದು ಅಲ್ಲಿನ ನಿಯಮ. ಈ ನಿಯಮ ಕಾಲಕ್ರಮೇಣ ಅವನ ಮೈಗಂಟಿ ಮನೆಗೂ ಬಂದು, "ಕಾಫಿ ಕೊಡು" ಎಂಬ ಮಾತನ್ನೂ ಅವನು ಎರಡು ಸಲ ಹೇಳುತ್ತಿದ್ದ. ಹೆಂಡತಿ ಎರಡನೆಯ ಸಲಕ್ಕೆ ಮಾತ್ರ ಏಳುವುದನ್ನು ರೂಢಿ ಮಾಡಿಕೊಂಡಿದ್ದಳು. ಧ್ವನಿಯಿಂದಲೇ ಅನ್ನ ತಿನ್ನುವವನಾದ್ದರಿಂದ ಧ್ವನಿಯ ವಿಷಯದಲ್ಲಿ ತನ್ನನ್ನು ಕೇಳದೆ ಯಾರೂ ಬಾಯಿ ತೆರೆಯಬಾರದು ಎಂಬ ಒಂದು ಸಣ್ಣ ಬಿಂಕ ಅವನಿಗಿತ್ತು. ಮುಂದೆ ಆದ ಅನಾಹುತಕ್ಕೆಲ್ಲ ಆ ಬಿಂಕವೇ ಮೂಲ.

ನಿಲ್ದಾಣದ ಕ್ಯಾಂಟೀನಿನಲ್ಲಿ ಒಂದು ದಿನ ಕ್ಯಾಷಿಯರ್ ತನ್ನ ಫೋನನ್ನು ಮೇಜಿನ ಮೇಲಿಟ್ಟು, "ಮೈಕಣ್ಣ, ನೀವು ಇನ್ನೂ ತಟ್ಟೆ ತಿರುಗಿಸ್ಕೊಂಡು ಕೂತಿದೀರಂತೆ, ಹೌದಾ?" ಎಂದು ಕೇಳಿದ.

"ಸೀಡಿ ಅಂದ್ರೆ ಸೀಡಿನೇ ಕಣಯ್ಯ," ಎಂದ ಮೈಕಣ್ಣ. "ಅದರಲ್ಲಿ ಹಾಡೋರ ಉಸಿರು ಕೇಳುತ್ತೆ. ಫೋನಲ್ಲಿ ಬರೋದು ಹಾಡಿನ ನೆರಳು."

"ಒಂದ್ಸಲ ಕೇಳಿ ಆಮೇಲೆ ಹೇಳಿ," ಎಂದು ಕ್ಯಾಷಿಯರ್ ಹೆಡ್‌ಫೋನನ್ನು ಅವನ ತಲೆಗೆ ಸಿಕ್ಕಿಸಿಯೇಬಿಟ್ಟ.

ಮೈಕಣ್ಣ ಕಣ್ಣು ಮುಚ್ಚಿಕೊಂಡು ಕೇಳಿದ. ಉಸಿರು ಕೇಳಿಸಿತು. ಉಸಿರಿನ ಜೊತೆಗೆ, ಅವನ ಮನೆಯ ಹಳೆಯ ಪ್ಲೇಯರಿನಲ್ಲಿ ಎಂದೂ ಕೇಳಿಸದಿದ್ದ ಇನ್ನೂ ಏನೇನೋ ಕೇಳಿಸಿತು. ಸುತ್ತ ಡ್ರೈವರುಗಳು, ಕಂಡಕ್ಟರುಗಳು ಚಹಾ ಲೋಟ ಹಿಡಿದು ತೀರ್ಪಿಗೆ ಕಾಯುತ್ತಿದ್ದರು. ಸೋತೆ ಎನ್ನಲು ನಾಲಿಗೆ ಏಳಲಿಲ್ಲ. ಹೆಡ್‌ಫೋನ್ ತೆಗೆದು ಗಂಭೀರವಾಗಿ, "ನಾನೂ ಇದನ್ನೇ ಯೋಚಿಸ್ತಿದ್ದೆ. ಈ ವಾರ ಸೀಡಿಗಳನ್ನೆಲ್ಲ ತೆಗೆದುಹಾಕೋನಿದ್ದೆ. ಈ ವಾರ ತೆಗೆದುಹಾಕೋನಿದ್ದೆ," ಎಂದ. ಎರಡು ಸಲ ಹೇಳಿದ ಮೇಲೆ ಅದು ಪ್ರಕಟಣೆಯಾಯಿತು. ಪ್ರಕಟಣೆಯಾದ ಬಸ್ಸು ಹೊರಡಲೇಬೇಕು.

ಮನೆಯಲ್ಲಿ ವಿಷಯ ತಿಳಿಸಿದಾಗ ಹೆಂಡತಿ ಬೇಡವೆನ್ನಲಿಲ್ಲ. ಸೀಡಿಗಳ ಕಪಾಟಿನ ಧೂಳು ಹೊಡೆಯುತ್ತಿದ್ದವಳು ಅವಳೇ. "ಅಪ್ಪನ ಸೀಡಿ ಒಂದನ್ನ ತೆಗೆದಿಟ್ಟು ಮಿಕ್ಕಿದ್ದನ್ನ ಏನಾದ್ರೂ ಮಾಡ್ಕೊಳ್ಳಿ," ಎಂದಳು.

ಈ ಅಪ್ಪನ ಸೀಡಿ ಎಂದರೆ ಅಪ್ಪ ಹಾಡಿದ ಸೀಡಿಯಲ್ಲ. ಮೈಕಣ್ಣನ ಮಾವನವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಮನುಷ್ಯ. ಹಾಡುವುದಿರಲಿ, ಮಾತಾಡುವುದೇ ಅಪರೂಪ. ಮದುವೆಯ ವಿಡಿಯೋಗಳಲ್ಲಿ ಕ್ಯಾಮೆರಾ ಬಂದ ಕಡೆಯಿಂದ ಸರಿದು ಇನ್ನೊಬ್ಬರ ಹಿಂದೆ ನಿಂತುಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಹುಡುಕಿದರೆ, ಅವರ ದನಿ ಒಂದು ಕಡೆಯೂ ಉಳಿದಿರಲಿಲ್ಲ, ಒಂದು ಸೀಡಿಯ ಹೊರತು. ಹಿಂದೆ ಎಂದೋ ಪುರಭವನದಲ್ಲಿ ಒಬ್ಬ ಗಾಯಕಿಯ ಕಚೇರಿ ನಡೆದು, ಅದನ್ನು ಅಲ್ಲೇ ಧ್ವನಿಮುದ್ರಿಸಿ ಸೀಡಿ ಮಾಡಿದ್ದರು. ಮಾವ ಮತ್ತು ಅತ್ತೆ ಮೊದಲ ಸಾಲಿನಲ್ಲಿ ಕೂತಿದ್ದರು. ಗಾಯಕಿ ದನಿಯನ್ನು ಮೇಲೆ, ಇನ್ನೂ ಮೇಲೆ ಒಯ್ದು ಥಟ್ಟನೆ ನಿಲ್ಲಿಸುತ್ತಾಳೆ. ಸಭೆಯೆಲ್ಲ ಉಸಿರು ಬಿಗಿಹಿಡಿದಿದೆ. ವಯೊಲಿನ್ ಎತ್ತಿಕೊಳ್ಳುವುದಕ್ಕೆ ಮುಂಚಿನ ಆ ಮೌನದಲ್ಲಿ ಎರಡು ಕೆಮ್ಮು, ಮತ್ತೆ ಅರ್ಧ ನುಂಗಿದ ಇನ್ನೊಂದು ಕೆಮ್ಮು. ಅದೇ ಮಾವನವರು.

ಆ ಮನೆತನದಲ್ಲಿ ಇದಕ್ಕೆ ಆಸ್ತಿಯಷ್ಟೇ ಬೆಲೆಯಿತ್ತು, ಆಸ್ತಿಯ ಹಾಗೆಯೇ ತಕರಾರೂ ಇತ್ತು. ಆ ದಿನ ಹಿಂದಿನ ಸಾಲಿನಲ್ಲಿ ಕೂತಿದ್ದ ಮಾವನ ತಮ್ಮ, ಮೊದಲ ಎರಡು ಅಣ್ಣನವು, ನುಂಗಿದ ಮೂರನೆಯದು ತನ್ನದು ಎಂದು ಕೊನೆಯುಸಿರಿನವರೆಗೂ ವಾದಿಸಿದರು. ಮನೆಯವರು ಯಾರೂ ಪಾಲು ಕೊಡಲು ಒಪ್ಪಲಿಲ್ಲ.

ಮೈಕಣ್ಣ ಆ ಸೀಡಿಯ ಡಬ್ಬಿಯನ್ನು ಜೋಪಾನವಾಗಿ ಒರೆಸಿ, ಬೀರುವಿನೊಳಗೆ ಬಟ್ಟೆಯ ಮಡಿಕೆಯಲ್ಲಿಟ್ಟ. ಮಿಕ್ಕ ಸೀಡಿಗಳು ಗೋಣಿಚೀಲ ಸೇರಿ ಗುಜರಿಯವನ ಗಾಡಿ ಹತ್ತಿದವು. ಅವನು ಯಾವ ಪಂಗಡದವನೆಂದು ಮೊದಲೇ ಹೇಳಿದ್ದೇನೆ. ಡಬ್ಬಿ ಬೀರುವಿನಲ್ಲಿ ಉಳಿಯಿತು, ಮಾವನವರು ಬೇರೊಂದು ಡಬ್ಬಿಯಲ್ಲಿ ಕೂತು ಗಾಡಿಯಲ್ಲಿ ಹೋದರು.

ಇದು ಬಯಲಾದದ್ದು ಅತ್ತೆಯ ಫೋನ್ ಬಂದ ಮೇಲೆ. ಮಗನ ಮನೆಯಲ್ಲಿದ್ದ ಅತ್ತೆ, "ಮುಂದಿನ ತಿಂಗಳು ಬಂದು ನಾಲ್ಕು ದಿನ ಇರ್ತೀನಿ ಅಳಿಯಂದ್ರೇ. ಕಿವಿ ಮಂದ ಆಗ್ತಾ ಬಂತು. ಪೂರ್ತಿ ಹೋಗೋ ಮುಂಚೆ ಅವರನ್ನ ಇನ್ನೊಂದ್ಸಲ ಕೇಳಿಬಿಡ್ಬೇಕು," ಎಂದರು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ಅರಳಿತು. ಮೈಕಣ್ಣ ಉದಾರವಾಗಿ, "ಬನ್ನಿ ಅತ್ತೆ, ಎಷ್ಟು ಸಲ ಬೇಕಾದ್ರೂ ಕೇಳಿ," ಎಂದು ಫೋನಿಟ್ಟು, ಅವಳು ಅಂಗಡಿಗೆ ಹೋದಾಗ ಡಬ್ಬಿ ತೆಗೆದು ನೋಡಿದ. ಒಳಗೆ ಪ್ರಿಂಟರ್ ಜೋಡಿಸುವುದು ಹೇಗೆ ಎಂಬ ಸೀಡಿ ಇತ್ತು. ಆ ಪ್ರಿಂಟರ್ ಕೆಟ್ಟು ಹೋಗಿಯೇ ಎಷ್ಟೋ ವರ್ಷವಾಗಿತ್ತು.

ಅವನು ಡಬ್ಬಿಯನ್ನು ತಲೆಕೆಳಗು ಮಾಡಿ ಕೊಡವಿದ. ಆಮೇಲೆ ನೆನಪಾಯಿತು. ಫೋನಿದೆಯಲ್ಲ. ಜಗತ್ತಿನ ಹಾಡೆಲ್ಲ ಅದರೊಳಗಿದೆ ಎಂದು ಕ್ಯಾಷಿಯರ್ ಹೇಳಿದ್ದನಲ್ಲ. ಹುಡುಕಿದರೆ ಅದೇ ಗಾಯಕಿ, ಅದೇ ಪುರಭವನ, ಅದೇ ಹಾಡು ಸಿಕ್ಕಿತು. ಸ್ಪೀಕರಿಗೆ ಜೋಡಿಸಿ ಕಾದು ಕೂತ. ದನಿ ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ನಿಂತಿತು. ಮೌನ. ವಯೊಲಿನ್. ಮಧ್ಯೆ ಯಾರೂ ಕೆಮ್ಮಲಿಲ್ಲ.

ಅವನು ಆ ಹಾಡಿನ ಆ್ಯಪಿನ ಗ್ರಾಹಕ ಸೇವೆಗೆ ಫೋನ್ ಮಾಡಿದ. ಆ ಕಡೆಯಿಂದ ಹೆಣ್ಣುಮಗಳೊಬ್ಬಳು ಬಲು ನಯವಾಗಿ ಮಾತಾಡಿದಳು.

"ಏನು ತೊಂದರೆ ಆಗಿದೆ ಹೇಳಿ ಸರ್."

"ಹಾಡಲ್ಲಿ ಒಂದು ಕೆಮ್ಮು ಇತ್ತಮ್ಮ. ಈಗ ಇಲ್ಲ."

"ಕೆಮ್ಮು ಇರೋದು ನಿಮಗಾ ಸರ್?"

"ನನಗಲ್ಲ. ನಮ್ಮ ಮಾವನಿಗೆ."

"ಅವರು ಬೇಗ ಗುಣ ಆಗ್ಲಿ ಸರ್."

"ಅವರು ತೀರಿಕೊಂಡು ಎಷ್ಟೋ ವರ್ಷ ಆಯ್ತಮ್ಮ."

ಇಂಥ ಗ್ರಾಹಕನಿಗೆ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಏನನ್ನೋ ನೋಡಿ, "ಸರ್, ಇದು ಹೊಸದಾಗಿ ಶುದ್ಧ ಮಾಡಿರೋ ಆವೃತ್ತಿ. ಹಳೇ ರೆಕಾರ್ಡಿಂಗಲ್ಲಿದ್ದ ದೋಷಗಳನ್ನೆಲ್ಲ ತೆಗೆದಿದಾರೆ," ಎಂದಳು.

"ಅದು ದೋಷ ಅಲ್ಲಮ್ಮ. ನಮ್ಮ ಮಾವ."

"ನಿಮ್ಮ ಅಭಿಪ್ರಾಯ ದಾಖಲು ಮಾಡ್ಕೊಂಡಿದೀನಿ ಸರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಇನ್ನೇನು ಬೇಕು. ಮೈಕಣ್ಣ ಗುಜರಿ ಅಂಗಡಿಗೆ ಓಡಿದ. ಗುಜರಿಯವನು ಹಳೆಯ ಫ್ಯಾನೊಂದನ್ನು ಬಿಚ್ಚುತ್ತಾ, "ಸೀಡಿನಾ? ಅವನ್ನ ಈಗ ಕೇಳೋರೇ ಇಲ್ಲ ಸ್ವಾಮಿ. ಊರಾಚೆ ಹಣ್ಣಿನ ತೋಟದಮ್ಮ ಒಬ್ರು ಬಂದು ಎತ್ಕೊಂಡು ಹೋಗ್ತಾರೆ," ಎಂದ.

"ಅವರಿಗೆ ಸಂಗೀತ ಅಂದ್ರೆ ಇಷ್ಟಾನಾ?"

"ಅವರಿಗೆ ಹಕ್ಕಿ ಅಂದ್ರೆ ಆಗಲ್ಲ."

ತೋಟಕ್ಕೆ ಹೋದರೆ ಮರಮರದಲ್ಲೂ ಸೀಡಿಗಳು ದಾರದಲ್ಲಿ ತೂಗಾಡುತ್ತಿದ್ದವು. ಒಂದು ಕಾಲದಲ್ಲಿ ಜನ ಬೆರಳು ತಾಗದಂತೆ ಅಂಚು ಹಿಡಿದು ಎತ್ತುತ್ತಿದ್ದ ಸೀಡಿಗಳು ಈಗ ಬಿಸಿಲಿಗೆ ಫಳಫಳ ಹೊಳೆಯುತ್ತಾ ಕಾಗೆ ಓಡಿಸುತ್ತಿದ್ದವು. ಮೈಕಣ್ಣ ಕತ್ತೆತ್ತಿ ಒಂದೊಂದೇ ಮರವನ್ನು ಓದುತ್ತಾ ಹೋದ. ತೋಟದಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದವಳು, "ನಿಮಗೆ ಯಾವ ಥರದ ಹಾಡು ಬೇಕು?" ಎಂದು ಕೇಳಿದಳು.

"ನಿಧಾನದ ಹಾಡು. ಒಬ್ಬ ಗಾಯಕಿಯದು."

"ಹಾಗಾದ್ರೆ ಆ ಮೂಲೆ ಮರ ನೋಡಿ. ಆ ಮರದ ಹತ್ರ ಹಕ್ಕಿಗಳು ಸುಳಿಯೋದೇ ಇಲ್ಲ."

ಮೂಲೆಯ ಮರದಲ್ಲೇ ಸಿಕ್ಕಿತು. ಅಂಚಿನಲ್ಲಿ ತೂತು ಕೊರೆದು ದಾರ ಪೋಣಿಸಿದ್ದರು. ಬಿಸಿಲಿಗೆ ಮೈಯೆಲ್ಲ ಬೊಕ್ಕೆ ಎದ್ದಿತ್ತು. ಮನೆಗೆ ತಂದು, ಒರೆಸಿ, ಪ್ಲೇಯರಿಗೆ ಹಾಕಿದ. ಪ್ಲೇಯರು ಗುರುಗುಟ್ಟಿ ಹೊರಗೆ ಉಗುಳಿತು. ಮತ್ತೆ ಹಾಕಿದ, ಮತ್ತೆ ಉಗುಳಿತು. ಮೈಕಣ್ಣ ನೆಲದ ಮೇಲೆ ಕೂತುಬಿಟ್ಟ. ಒಬ್ಬ ಮನುಷ್ಯ ಭೂಮಿಯ ಮೇಲೆ ಬಿಟ್ಟು ಹೋಗಿದ್ದ ಒಂದೇ ಒಂದು ಸದ್ದನ್ನು ತಾನು ಕ್ಯಾಂಟೀನಿನ ಮರ್ಯಾದೆಗಾಗಿ ಕಳೆದೆ ಎಂದು ಅವನಿಗೆ ಆಗ ಸರಿಯಾಗಿ ಅರ್ಥವಾಯಿತು. ಹೆಂಡತಿಗೆ ಹೇಳಬೇಕು ಎಂದುಕೊಂಡ. ಅವಳು ಅಡುಗೆಮನೆಯಲ್ಲಿ ಅಮ್ಮ ಬರುತ್ತಾಳೆಂಬ ಖುಷಿಯಲ್ಲಿ ಡಬ್ಬಗಳನ್ನು ತೊಳೆದು ಸಾಲಾಗಿ ಜೋಡಿಸುತ್ತಿದ್ದಳು. ಹೇಳುವ ಧೈರ್ಯ ಬರಲಿಲ್ಲ.

ಹೇಳುವ ಧೈರ್ಯ ಇಲ್ಲದವನಿಗೆ ಉಪಾಯಗಳು ಬಹಳ ಬೇಗ ಹೊಳೆಯುತ್ತವೆ. ಹಾಡು ಇದೆ. ಇಲ್ಲದಿರುವುದು ಕೆಮ್ಮು ಮಾತ್ರ. ಹಾಡು ಎಲ್ಲಿಂದಲೋ ಗಾಳಿಯಲ್ಲಿ ಬರಲಿ, ಕೆಮ್ಮನ್ನು ಮನೆಯಲ್ಲೇ ತಯಾರಿಸಬಹುದಲ್ಲ. ಅತ್ತೆ ಕೇಳುತ್ತಾ ಕೂತಾಗ ತಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಸರಿಯಾದ ಸಮಯಕ್ಕೆ ಕೆಮ್ಮಿದರಾಯಿತು. ಸಮಯಕ್ಕೆ ಸರಿಯಾಗಿ ಸದ್ದು ಮಾಡುವುದೇ ತಾನೆ ತನ್ನ ವೃತ್ತಿ. ಅತ್ತೆಗೆ ಹೇಗೂ ಕಿವಿ ಮಂದ. ದಡ್ಡತನವೂ ಒಮ್ಮೊಮ್ಮೆ ಇಷ್ಟು ಅಚ್ಚುಕಟ್ಟಾಗಿ ಬಂದು ನಿಂತಾಗ ಅದನ್ನು ಬುದ್ಧಿವಂತಿಕೆ ಎಂದು ತಿಳಿಯುವುದು ಸಹಜ.

ಮರುದಿನ ಬೆಳಿಗ್ಗೆಯಿಂದ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಶುರುವಾಯಿತು. ಮೊದಮೊದಲು ಬಂದದ್ದು ಚಳಿಗೆ ಸ್ಟಾರ್ಟ್ ಆಗದ ಬಸ್ಸಿನ ಸದ್ದು. ಅದು ಮಹಡಿಮನೆಯ ನಿವೃತ್ತ ಟೀಚರಮ್ಮನ ಕಿವಿಗೆ ಬಿದ್ದು, ಅವರು ಶುಂಠಿ ಜೇನಿನ ಬಟ್ಟಲು ಹಿಡಿದು ಇಳಿದು ಬಂದರು.

"ಕೆಮ್ಮು ಒಣದಾ, ಕಫದ್ದಾ?" ಎಂದು ಬಾಗಿಲಲ್ಲೇ ವಿಚಾರಣೆ.

ಮೈಕಣ್ಣ ಯಾವುದೋ ಯೋಚನೆಯಲ್ಲಿ, "ಎರಡು ಒಣದು, ಒಂದು ನುಂಗಿದ್ದು," ಎಂದುಬಿಟ್ಟ.

"ಕೆಮ್ಮನ್ನ ನುಂಗಬಾರದು. ನಮ್ಮ ಮನೆಯವರ ಅಣ್ಣ ಹಾಗೇ ನುಂಗಿ ನುಂಗಿ ಹೋಗಿಬಿಟ್ರು," ಎಂದು ಟೀಚರಮ್ಮ ಬಟ್ಟಲನ್ನು ಕೈಗೆ ಕೊಟ್ಟು, ಬೀದಿಯಲ್ಲಿ ಪ್ರತಿ ಮನೆಗೂ ಹೋಗಿ ಪಾಠ ಒಪ್ಪಿಸಿದರು. ಸಂಜೆಯೊಳಗೆ ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡುವುದಕ್ಕೆ ಶುರು ಮಾಡಿದ. ಎದುರು ಮನೆಯವರು ಕಿಟಕಿ ಮುಚ್ಚಿದರು. ಮುಚ್ಚಿದ ಕಿಟಕಿಯ ಹಿಂದಿನಿಂದಲೇ, "ಏನೂ ಯೋಚನೆ ಮಾಡ್ಬೇಡಿ, ಬೇಕಾದ್ರೆ ಕೂಗಿ," ಎಂದು ಧೈರ್ಯವನ್ನೂ ಹೇಳಿದರು.

ಹೆಂಡತಿ ಮಾತ್ರ ಏನೂ ಕೇಳಲಿಲ್ಲ. ಟೀಚರಮ್ಮನ ಬಟ್ಟಲನ್ನು ತೊಳೆದು ವಾಪಸು ಕೊಟ್ಟು ಸುಮ್ಮನಿದ್ದಳು. ಅವಳಿಗೆ ಸಂಶಯವೇ ಬಂದಿಲ್ಲವೆಂದು ಮೈಕಣ್ಣ ಸಮಾಧಾನಪಟ್ಟ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಹೆಂಡತಿಯ ಮೌನವನ್ನು ಹೀಗೆ ಅರ್ಥ ಮಾಡುವ ಗಂಡಸರು ಇರುವುದರಿಂದಲೇ ಸಂಸಾರಗಳು ನಡೆಯುತ್ತಿವೆ.

ಅಭ್ಯಾಸ ಮಾಡುತ್ತಾ ಮಾಡುತ್ತಾ ಒಂದು ವಿಚಿತ್ರವಾಯಿತು. ಮೊದಲ ಎರಡು ಕೆಮ್ಮು ಒಲಿದವು, ಮೂರನೆಯದು ಏನು ಮಾಡಿದರೂ ಬರಲಿಲ್ಲ. ಅದನ್ನು ಯಾಕೆ ನುಂಗಿದರು ಎಂದು ತಿಳಿಯದೆ ಅದು ಬರುವಂತಿರಲಿಲ್ಲ. ಆ ಸಭೆಯನ್ನು ಕಣ್ಣ ಮುಂದೆ ತಂದುಕೊಂಡ. ಮೊದಲ ಸಾಲು, ಸುತ್ತ ಇಷ್ಟು ಜನ, ಸದ್ದಿಲ್ಲ, ತನ್ನದೊಂದೇ ಕೆಮ್ಮು. ನಾಚಿಕೆಯಾಗಿತ್ತು ಅವರಿಗೆ. ಹಾಡುವವಳಿಗೆ ತೊಂದರೆಯಾಯಿತಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಮೈಕಣ್ಣ ಬಾಯಿಗೆ ಕೈ ಅಡ್ಡ ಹಿಡಿದು ನೋಡಿದ, ಬಂತು. ಅವರು ಬದುಕಿದ್ದಾಗ ಎಷ್ಟೋ ಸಲ ಎದುರುಬದುರು ಕೂತು ಪೇಪರ್ ಹಂಚಿಕೊಂಡು ಓದಿದ್ದ ಮೈಕಣ್ಣನಿಗೆ, ಮಾವ ಎಂಥ ಮನುಷ್ಯರೆಂದು ಮೊದಲ ಸಲ ತಿಳಿದದ್ದು ಬಚ್ಚಲುಮನೆಯಲ್ಲಿ. ಇನ್ನೊಂದಿಷ್ಟು ಮಾತಾಡಿಸಬಹುದಾಗಿತ್ತು ಎನ್ನಿಸಿ ಅವನಿಗೆ ಬೇಜಾರಾಯಿತು.

ಕಲಿತ ವಿದ್ಯೆ ಮರೆಯಬಾರದೆಂದು ಕೆಲಸದಲ್ಲೂ ಬಿಡುವು ಸಿಕ್ಕಾಗ ಕೆಮ್ಮುತ್ತಿದ್ದ. ಒಂದು ಮಧ್ಯಾಹ್ನ ಮೈಕು ಆರಿಸಿದ್ದೇನೆಂದು ತಿಳಿದು, ಬಾಯಿಗೆ ಕೈ ಅಡ್ಡ ಹಿಡಿದು, ಎರಡು ಕೆಮ್ಮಿ ಮೂರನೆಯದನ್ನು ನುಂಗಿದ. ಮೈಕು ಆರಿರಲಿಲ್ಲ. ಇಡೀ ನಿಲ್ದಾಣದ ಧ್ವನಿವರ್ಧಕಗಳಲ್ಲಿ ಮಾವನವರು ಕೆಮ್ಮಿದರು. ಜನರೆಲ್ಲ ಮುಂದಿನ ಮಾತಿಗಾಗಿ ತಲೆಯೆತ್ತಿ ಕಾದರು. ಅಭ್ಯಾಸಬಲದಿಂದ ಮೈಕಣ್ಣ ಅದನ್ನೇ ಇನ್ನೊಮ್ಮೆ ಪ್ರಕಟಿಸಿದ. ಏನೋ ಹೊಸ ಸೂಚನೆ ಬಂತೆಂದು ಒಬ್ಬ ಡ್ರೈವರ್ ಬಸ್ಸನ್ನು ಹೊರಡಿಸಿಯೂ ಬಿಟ್ಟ. ಅದರಲ್ಲಿ ಹತ್ತಬೇಕಾದವರು ಇನ್ನೂ ಕ್ಯಾಂಟೀನಿನಲ್ಲಿದ್ದರು.

ನಿಲ್ದಾಣದ ಮ್ಯಾನೇಜರು ಅವನನ್ನು ಕರೆಸಿ, ಕುರ್ಚಿಯನ್ನು ಆದಷ್ಟು ಹಿಂದಕ್ಕೆ ಸರಿಸಿಕೊಂಡು ಕೂತರು.

"ನೋಡಿ ಮೈಕಣ್ಣ, ಇದು ಸಾರ್ವಜನಿಕ ಸ್ಥಳ. ನಿಮ್ಮ ಕೆಮ್ಮು ಎಲ್ಲಾ ಅಂಕಣಕ್ಕೂ ಕೇಳಿಸಿದೆ. ಎದೆ ಡಾಕ್ಟರಿಗೆ ತೋರಿಸಿ ಬನ್ನಿ. ಅಲ್ಲಿವರೆಗೂ ರಜೆ."

"ನನಗೆ ಕೆಮ್ಮಿಲ್ಲ ಸಾರ್."

"ನಾನೇ ಕೇಳಿದೀನಲ್ರೀ."

"ಅದು ನನ್ನದಲ್ಲ ಸಾರ್."

ಮ್ಯಾನೇಜರು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, "ಎದೆ ಡಾಕ್ಟರಿಗೆ ತೋರಿಸಿದ ಮೇಲೆ ತಲೆ ಡಾಕ್ಟರಿಗೂ ತೋರಿಸಿ," ಎಂದರು.

ಎದೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಶ್ವಾಸಕೋಶ ತುಂಬಾ ಚೆನ್ನಾಗಿದೆಯಲ್ರೀ. ಎಲ್ಲಿ, ಒಂದ್ಸಲ ಕೆಮ್ಮಿ," ಎಂದರು. ಮೈಕಣ್ಣ ಸಭೆಯನ್ನು ನೆನೆದುಕೊಂಡು ಕೆಮ್ಮಿದ. ಡಾಕ್ಟರು ಎಕ್ಸ್‌ರೇಯನ್ನು ಕೆಳಗಿಟ್ಟರು.

"ಇದು ಎಪ್ಪತ್ತು ದಾಟಿದವರ ಕೆಮ್ಮು. ನಿಮಗೆ ಎಲ್ಲಿಂದ ಬಂತು?"

"ಮಾವನ ಕಡೆಯಿಂದ ಸಾರ್."

"ಹೆಂಡತಿ ಮನೆಯ ಕಾಯಿಲೆ ಅಳಿಯನಿಗೆ ಬರೋದಿಲ್ಲ ಕಣ್ರೀ."

ಆದರೆ ಮೈಕಣ್ಣನಿಗೆ ಅವರ ಮುಂದಿನ ಮಾತು ಯಾವುದೂ ಕೇಳಿಸಲಿಲ್ಲ. ಎಪ್ಪತ್ತು ದಾಟಿದವರ ಕೆಮ್ಮು ಎಂದು ಎದೆಯ ಡಾಕ್ಟರೇ ಹೇಳಿದ ಮೇಲೆ ಇನ್ನೇನು ಪರೀಕ್ಷೆ ಬೇಕು. ಔಷಧಿ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಶಿಳ್ಳೆ ಹಾಕುತ್ತಾ ಮನೆಗೆ ಬಂದ. ದಾರಿಯಲ್ಲಿ ಸಿಕ್ಕ ಟೀಚರಮ್ಮ ಆ ಶಿಳ್ಳೆ ಕೇಳಿ, ಪಾಪ, ಕಾಯಿಲೆ ವಿಪರೀತಕ್ಕೆ ಹೋಗಿದೆ ಎಂದು ಮರುಗಿದರು.

ಅತ್ತೆ ಬಂದರು. ಸಣ್ಣ ದೇಹ, ದೊಡ್ಡ ಕನ್ನಡಕ. ಚಹಾ ಕುಡಿದು, ಲೋಟವನ್ನು ಪಕ್ಕಕ್ಕಿಟ್ಟು, ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಹಾಕಿ ಅಳಿಯಂದ್ರೇ," ಎಂದರು. ಹೆಂಡತಿ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತಳು. ಮೈಕಣ್ಣ ನಂಬಿಕೆ ಬರಲೆಂದು ಸೀಡಿಯ ಖಾಲಿ ಡಬ್ಬಿಯನ್ನು ಪ್ಲೇಯರಿನ ಮೇಲೆ ಕಾಣುವಂತೆ ಇಟ್ಟು, ಫೋನಿನಿಂದ ಹಾಡು ಹಾಕಿ, "ನೀರು ತರ್ತೀನಿ," ಎಂದು ಅಡುಗೆಮನೆಯ ಬಾಗಿಲ ಹಿಂದೆ ಸೇರಿಕೊಂಡ.

ಗಾಯಕಿಯ ದನಿ ಮೇಲೇರಿ ನಿಂತಿತು. ಮೈಕಣ್ಣ ಬಾಯಿಗೆ ಕೈ ಅಡ್ಡ ಹಿಡಿದು ಎರಡು ಕೆಮ್ಮಿ ಮೂರನೆಯದನ್ನು ನುಂಗಿದ. ವಯೊಲಿನ್ ಎತ್ತಿಕೊಂಡಿತು. ಇಣುಕಿ ನೋಡಿದರೆ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು, ತುಟಿಯಲ್ಲಿ ಸಣ್ಣ ನಗು ಇತ್ತು. ಗೆದ್ದೆ ಎಂದುಕೊಂಡು ನೀರಿನ ಲೋಟ ಹಿಡಿದು ಹೊರಗೆ ಬಂದ.

"ಇನ್ನೊಂದ್ಸಲ ಹಾಕಿ," ಎಂದರು ಅತ್ತೆ.

ಹಾಕಿದ. "ಒಲೆ ಆರಿಸಿದೀನಾ ನೋಡ್ತೀನಿ," ಎಂದು ಒಳಗೆ ಹೋದ. ಕೆಮ್ಮಿದ. ಬಂದ.

"ಇನ್ನೊಂದ್ಸಲ."

"ಹಿಂದಿನ ಬಾಗಿಲು ಹಾಕಿಲ್ಲ ಅನ್ಸುತ್ತೆ," ಎಂದು ಮತ್ತೆ ಓಡಿದ. ಕೆಮ್ಮಿದ. ಏದುಸಿರು ಬಿಡುತ್ತಾ ಬಂದು ನಿಂತ. ಇನ್ನು ಯಾವ ನೆಪವಿದೆ ಎಂದು ಯೋಚಿಸುತ್ತಿದ್ದಾಗ ಅತ್ತೆ ಕಣ್ಣು ಬಿಡದೆಯೇ ಮಾತಾಡಿದರು.

"ಎಷ್ಟು ಸಲ ಅಂತ ಓಡಾಡ್ತೀರಿ ಅಳಿಯಂದ್ರೇ. ಇಲ್ಲೇ ಕೂತ್ಕೊಂಡು ಕೆಮ್ಮಿ."

ಮೈಕಣ್ಣ ಫೋನನ್ನು ಆ ಖಾಲಿ ಡಬ್ಬಿಯ ಪಕ್ಕಕ್ಕಿಟ್ಟ. ಹೆಂಡತಿಯ ಮುಖ ನೋಡಲು ಧೈರ್ಯ ಬರದೆ ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದ. ಕ್ಯಾಂಟೀನು, ಪ್ರಿಂಟರಿನ ಸೀಡಿ, ಶುದ್ಧ ಮಾಡಿದ ಹಾಡು, ಗುಜರಿ, ತೋಟ, ಬೊಕ್ಕೆ ಎದ್ದ ಸೀಡಿ, ಎಲ್ಲವನ್ನೂ. ಮೊದಲ ಬಾರಿಗೆ ಯಾವ ಮಾತನ್ನೂ ಎರಡು ಸಲ ಹೇಳಲಿಲ್ಲ.

"ಶುದ್ಧ ಮಾಡಿದ್ರಂತಾ?" ಎಂದರು ಅತ್ತೆ. "ಅಂಥ ಕೊಳೆ ಏನಿತ್ತಂತೆ ಅದರಲ್ಲಿ?"

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ಮೊದಲ್ನೇ ಸಲಾನೇ. ಅವತ್ತು ಅವರು ನನ್ನ ಎಡಗಡೆ ಕೂತಿದ್ರು. ಇದು ಅಡುಗೆಮನೆಯಿಂದ ಬಂತು."

"ಮತ್ತೆ ಇನ್ನೊಂದ್ಸಲ ಹಾಕಿ ಅಂದ್ರಲ್ಲ?"

"ಚೆನ್ನಾಗಿತ್ತು. ಅದಕ್ಕೆ."

ಕಿಟಕಿಯ ಬಳಿಯಿಂದ ಹೆಂಡತಿ ಮಾತಾಡಿದಳು. "ಟೀಚರಮ್ಮ ಬಟ್ಟಲು ತಂದ ದಿನಾನೇ ಡಬ್ಬಿ ತೆಗೆದು ನೋಡಿ ನಾನೂ ತಿಳ್ಕೊಂಡೆ. ಎಷ್ಟು ಸಿಟ್ಟು ಬಂತು ಅಂದ್ರೆ, ನೀವು ಬಚ್ಚಲಲ್ಲಿದ್ದಾಗ ಬಾಗಿಲು ಬಡಿದು ಬೈಯೋಣ ಅಂತಲೇ ಬಂದೆ. ಕೈ ಎತ್ತಿದ್ದೆ. ಒಳಗಿಂದ ಕೆಮ್ಮು ಕೇಳಿಸ್ತು. 'ಬಂದೆ ಅಪ್ಪಾ' ಅಂದುಬಿಟ್ಟೆ."

ಅವಳು ಮುಂದುವರಿಸಿದಳು. "ಅಪ್ಪ ಕೆಲಸದಿಂದ ಬಂದ್ರೆ ಬಾಗಿಲು ಬಡೀತಿರ್ಲಿಲ್ಲ. ಹೊರಗೆ ನಿಂತು ಕೆಮ್ಮೋರು. ನಾನು ಓಡಿ ಹೋಗಿ ತೆಗೀತಿದ್ದೆ. ಅದು ನನಗೆ ಮರೆತೇ ಹೋಗಿತ್ತು. ಸೀಡಿ ಅಷ್ಟು ವರ್ಷ ಮನೇಲಿದ್ರೂ ನೆನಪಾಗಿರ್ಲಿಲ್ಲ. ಆಮೇಲೆ ಬೈಯೋಕೆ ಮನಸ್ಸು ಬರ್ಲಿಲ್ಲ. ದಿನಾ ಬೆಳಿಗ್ಗೆ ಬಾಗಿಲ ಹತ್ರ ಬಂದು ನಿಂತ್ಕೊಂಡು ಕೇಳ್ತಿದ್ದೆ. ಸಿಟ್ಟು ಇನ್ನೂ ಇದೆ, ಇಲ್ಲ ಅಂತಲ್ಲ."

"ಇರಲಿ," ಎಂದ ಮೈಕಣ್ಣ.

ಅತ್ತೆ ತಮ್ಮ ಎಡಗಡೆಯ ಕುರ್ಚಿಯನ್ನು ತಟ್ಟಿ ತೋರಿಸಿದರು. ಮೈಕಣ್ಣ ಹೋಗಿ ಕೂತ. ಈ ಸಲ ಹಾಡು ಹಾಕಿದವಳು ಹೆಂಡತಿ. ದನಿ ಮೆಲ್ಲಗೆ ಶುರುವಾಗಿ, ಮೇಲೇರಿ, ಇನ್ನೂ ಮೇಲೇರಿ ನಿಂತಿತು. ಮೈಕಣ್ಣ ಬಾಯಿಗೆ ಕೈ ಅಡ್ಡ ಹಿಡಿದ. ಕೆಮ್ಮು ಬರಲಿಲ್ಲ. ಮೌನ ಮುಗಿಯುತ್ತಾ ಬಂದಿತ್ತು. ಅತ್ತೆ ಮೊಣಕೈಯಿಂದ ಅವನ ಪಕ್ಕೆಗೆ ಮೆಲ್ಲಗೆ ತಿವಿದು, "ಹೂಂ, ಈಗ," ಎಂದರು.

ಅಷ್ಟರಲ್ಲಿ ವಯೊಲಿನ್ ಎತ್ತಿಕೊಂಡಿತು. ಅದರ ಮೇಲೆಯೇ ಅವನು ಕೆಮ್ಮಿದ. ಅದು ಮಾವನ ಕೆಮ್ಮಿನಂತೆ ಒಂದಿಷ್ಟೂ ಇರಲಿಲ್ಲ. ಕಣ್ಣೀರು ತಡೆಯಲು ಹೋದ ಮನುಷ್ಯನ ಕೆಮ್ಮಾಗಿತ್ತು.

"ತಡ ಆಯ್ತು," ಎಂದರು ಅತ್ತೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಪರವಾಗಿಲ್ಲ. ಅವರೂ ಎಲ್ಲದಕ್ಕೂ ತಡಾನೇ. ಇನ್ನೊಂದ್ಸಲ ಹಾಕು ಮಗಳೇ."

ಹೆಂಡತಿ ಹಾಡನ್ನು ಮತ್ತೆ ಮೊದಲಿನಿಂದ ಹಾಕಿ, ತಾನೂ ಒಂದು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು.